ರೆಡ್ ಅಲರ್ಟ್ ದಿನ ಮಕ್ಕಳು ಎಲ್ಲಿರುತ್ತಾರೆ?

ಮೇ ತಿಂಗಳು ಮುಗಿಯುತ್ತ ಬಂದಾಗ ಮುಂಬೈಯ ನಮ್ಮ ಗುಡ್ಡದ ಮನೆಗಳಿಗೆ ನೋಟಿಸು ಬರುತ್ತದೆ. ಗುಡ್ಡ ಕುಸಿಯುವ ಸಂಭವವಿದೆ, ಮಳೆಗಾಲದಲ್ಲಿ ಬೇರೆ ಕಡೆ ಹೋಗಿ, ಹೋಗದಿದ್ದರೆ ಮುಂದಿನದಕ್ಕೆ ನೀವೇ ಹೊಣೆ ಅನ್ನುವುದು ಅದರ ಸಾರ. ಮರಾಠಿಯಲ್ಲಿರುತ್ತದೆ. ನಮ್ಮ ಶಾಲೆಯ ಮಕ್ಕಳೇ ಅದನ್ನು ಅಪ್ಪ ಅಮ್ಮನಿಗೆ ಓದಿ ಕನ್ನಡದಲ್ಲಿ ಹೇಳುತ್ತಾರೆ. ಕೇಳಿಸಿಕೊಂಡ ಮೇಲೆ ದೊಡ್ಡವರು ಆ ಕಾಗದವನ್ನು ಆಧಾರ್ ಕಾರ್ಡು, ಲೈಟ್ ಬಿಲ್ಲು ಇರುವ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟುಬಿಡುತ್ತಾರೆ. ಯಾಕೆಂದರೆ ಈ ಖೋಲಿಯಲ್ಲಿ ಇಂಥವರು ಇದ್ದರು ಅನ್ನುವುದಕ್ಕೆ ಸರ್ಕಾರದ ಮೊಹರು ಬಿದ್ದ ಪುರಾವೆ ಅವರ ಬಳಿ ಇರುವುದೇ ಕಡಿಮೆ. ಹೊರಡಿ ಅಂತ ಬಂದ ಕಾಗದ ಅಲ್ಲಿಯೇ ಉಳಿಯುವುದಕ್ಕೆ ದಾಖಲೆಯಾಗುತ್ತದೆ.

ನಾನು ಪಾಠ ಮಾಡುವುದು ಘಾಟ್‌ಕೋಪರ್–ವಿಕ್ರೋಲಿ ಕಡೆಯ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ. ಮೊದಲು ಇಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಹೋಟೆಲಿನವರ ಮಕ್ಕಳು ತುಂಬಿರುತ್ತಿದ್ದರಂತೆ. ಅವರೆಲ್ಲ ಇಂಗ್ಲಿಷ್ ಶಾಲೆಗೆ ಹೋಗಿ ಎಷ್ಟೋ ವರ್ಷವಾಯಿತು. ಈಗ ಬರುವವರು ಯಾದಗಿರಿ, ಕಲಬುರ್ಗಿ, ವಿಜಯಪುರದವರ ಮಕ್ಕಳು. ಅಪ್ಪಂದಿರು ಗೌಂಡಿ (ಗಾರೆ) ಕೆಲಸದವರು, ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರು. ಅಮ್ಮಂದಿರು ಕೆಳಗಿನ ಟವರುಗಳಲ್ಲಿ ಪಾತ್ರೆ, ಕಸಬರಿಗೆ ಕೆಲಸದವರು. ಕನ್ನಡ ಶಾಲೆ ಇನ್ನೂ ಉಸಿರಾಡುತ್ತಿರುವುದು ಇವರಿಂದ. ಇವರ ಮನೆಗಳು ಬಹುಪಾಲು ಇಳಿಜಾರಿನಲ್ಲಿ.

ವಿಪತ್ತು ನಿರ್ವಹಣೆ ಅಂತ ನಮಗೆ ಆಗಾಗ ತರಬೇತಿ ಇರುತ್ತದೆ. ಅಂಥ ಒಂದು ಕಡೆ ಭಾಷಣ ಮಾಡಿದವರು ಗುಡ್ಡದ ಜನರಿಗೆ ಅಪಾಯದ ಅರಿವೇ ಇಲ್ಲ, ನೀವು ಶಿಕ್ಷಕರು ಅರಿವು ಮೂಡಿಸಬೇಕು ಅಂದರು. ಆ ಮಾತು ಕೇಳಿದಾಗಿನಿಂದ ನನಗೆ ಕಸಿವಿಸಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳ ಅಪ್ಪ ಗೌಂಡಿ. ಒಂದು ಜುಲೈನಲ್ಲಿ ನನ್ನನ್ನು ಅವರ ಓಣಿಗೆ ಕರೆದುಕೊಂಡು ಹೋಗಿ ಮನೆಯ ಹಿಂದಿನ ತಡೆಗೋಡೆ ತೋರಿಸಿದರು. "ನೋಡ್ರಿ ಅಕ್ಕೋರ, ಗ್ವಾಡಿ ಹೊಟ್ಟಿ ಬಿಟ್ಟದ. ಈ ತೂತದಾಗಿಂದ ನೀರು ಹೊರಗ ಬೀಳಬೇಕು. ಮಳಿ ಹಿಡಿದು ಎರಡು ದಿನ ಆತು, ಒಂದು ಹನಿ ಬರವಲ್ದು. ಅಂದ್ರ ನೀರೆಲ್ಲ ಹಿಂದ ನಿಂತದ." ಅಷ್ಟು ಹೇಳಿ ಅಂಗೈಯಿಂದ ಗೋಡೆ ತಟ್ಟಿ ಸದ್ದು ಕೇಳಿದರು.

ಯಾವ ತರಬೇತಿಯಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನೆನೆದ ಮಣ್ಣಿನ ತೂಕ ಹೆಚ್ಚು, ಹಿಡಿತ ಕಡಿಮೆ. ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕು. ಅದಕ್ಕೇ ತಡೆಗೋಡೆಯ ಹಿಂದೆ ಜಲ್ಲಿ ತುಂಬುತ್ತಾರೆ, ಅಲ್ಲಲ್ಲಿ ಪೈಪಿನ ತೂತು ಬಿಡುತ್ತಾರೆ. ಈ ಗೋಡೆಯಲ್ಲಿ ತೂತುಗಳೇನೋ ಇದ್ದವು, ಮಣ್ಣು ಮತ್ತು ಗುಟ್ಕಾ ಪಾಕೀಟು ಸೇರಿ ಕಟ್ಟಿಕೊಂಡಿದ್ದವು. ಮೇಲ್ಗಡೆ ಯಾರೋ ಒಡೆದ ಕಟ್ಟಡದ ಮಲಬಾ ತಂದು ಸುರಿದಿದ್ದರು. ಕೆಳಗಡೆ ಖೋಲಿ ದೊಡ್ಡದು ಮಾಡಲು ಗುಡ್ಡದ ಬುಡವನ್ನೇ ಕೊರೆದಿದ್ದರು. ಇದೆಲ್ಲವನ್ನೂ ಆ ಮನುಷ್ಯ ಬೆರಳು ಮಾಡಿ ತೋರಿಸಿದರು. ಆ ತಿಂಗಳೆಲ್ಲ ಅವರು ಠಾಣೆಯಲ್ಲಿ ಒಂದು ದೊಡ್ಡ ಟವರಿಗೆ ತಡೆಗೋಡೆ ಕಟ್ಟುತ್ತಿದ್ದರು. ಅಲ್ಲಿ ಜಲ್ಲಿ ಎಷ್ಟು ಅಗಲ ಹಾಕುತ್ತಾರೆ, ಪೈಪು ಎಷ್ಟು ಇಳಿಜಾರಿನಲ್ಲಿ ಕೂರಿಸುತ್ತಾರೆ ಅನ್ನುವುದನ್ನೂ ವಿವರಿಸಿದರು. ಇವರಿಗೆ ಅರಿವು ಮೂಡಿಸಬೇಕಂತೆ ನಾನು!

ಹಾಗಾದರೆ ಬಿಟ್ಟು ಹೋಗಬಾರದೇಕೆ ಅಂತ ಕೇಳಿದೆ. "ಎಲ್ಲಿಗಿ ಹೋಗಬೇಕ್ರಿ?" ಅಂದರು ಅವರ ಹೆಂಡತಿ, ಒಳಗಿನಿಂದಲೇ. ಆಮೇಲೆ ಲೆಕ್ಕ ಹೇಳಿದರು. ಗುಡ್ಡದಲ್ಲಿ ಮೇಲೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ಯಾಕೆಂದರೆ ನೀರು ಹೊರಬೇಕು, ಮೆಟ್ಟಿಲು ಹತ್ತಬೇಕು. ಇವರು ಕೊಡುತ್ತಿದ್ದುದು 3,500 ರೂಪಾಯಿ. ರಸ್ತೆಯ ಮಟ್ಟದಲ್ಲಿ ಅಂಥದೇ ಖೋಲಿಗೆ ಅದರ ಎರಡರಷ್ಟು, ಜೊತೆಗೆ ಡಿಪಾಸಿಟ್ಟು. ಇನ್ನೂ ದೂರ, ಕಲ್ಯಾಣದಾಚೆ ಹೋದರೆ ಅಗ್ಗ. ಆದರೆ ಬೆಳಿಗ್ಗೆ ನಾಕಾಕ್ಕೆ ಹೊತ್ತಿಗೆ ಸರಿಯಾಗಿ ಬರಲಾಗುವುದಿಲ್ಲ, ಆಕೆಯ ಕೆಲಸದ ಮನೆಗಳು ತಪ್ಪುತ್ತವೆ, ಮಗಳಿಗೆ ಅಲ್ಲಿ ಕನ್ನಡ ಶಾಲೆ ಇಲ್ಲ. ಗೋಡೆ ಬೀಳಬಹುದು, ಬೀಳದೆಯೂ ಇರಬಹುದು. ತಿಂಗಳ ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ.

ಸ್ವಂತ ಗುಡಿಸಲು ಇದ್ದವರದು ಇನ್ನೊಂದು ಕಷ್ಟ. ಮಹಾರಾಷ್ಟ್ರದಲ್ಲಿ 2000ದ ಜನವರಿ 1ಕ್ಕೆ ಮೊದಲಿನ ಗುಡಿಸಲಿದ್ದರೆ ಪುನರ್ವಸತಿಯಲ್ಲಿ ಮನೆ ಪುಕ್ಕಟೆ, 2011ರ ಜನವರಿ 1ರವರೆಗಿನವರಿಗೆ ದುಡ್ಡು ಕೊಟ್ಟರೆ ಉಂಟು. ಪಾತ್ರ (ಅರ್ಹ), ಅಪಾತ್ರ (ಅನರ್ಹ) ಅಂತ ಎರಡೇ ಜಾತಿ ಇಲ್ಲಿ. ಪಾತ್ರರಾದವರು ಮಳೆಗಾಲಕ್ಕೆ ಬೀಗ ಹಾಕಿ ಊರಿಗೆ ಹೋದರೆ, ಸರ್ವೆಯವರು ಅದೇ ಹೊತ್ತಿಗೆ ಬಂದರೆ, ಅಂತ ಹೆದರುತ್ತಾರೆ. ಬಾಡಿಗೆಯವರಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನೋಟಿಸನ್ನು ಚೀಲದಲ್ಲಿ ಇಡುವುದು ಸುಮ್ಮನೆ ಅಲ್ಲ.

ಹೋದವರ ಕಥೆಯೂ ಇವರಿಗೆ ಗೊತ್ತು. ತಾನ್ಸಾ ನೀರಿನ ಪೈಪ್‌ಲೈನಿನ ಪಕ್ಕದಲ್ಲಿದ್ದ ಸಾವಿರಾರು ಸಂಸಾರಗಳನ್ನು ಎಬ್ಬಿಸಿ ಮಾಹುಲಿಗೆ ಹಾಕಿದರು. ಮಾಹುಲ್ ಇರುವುದು ತೈಲ ಶುದ್ಧೀಕರಣ ಕಾರ್ಖಾನೆಗಳ ಮಗ್ಗುಲಿನಲ್ಲಿ. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಅಂತ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೊನೆಗೆ 2019ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟು, ಇವರನ್ನು ಮಾಹುಲಿಗೆ ಹೋಗಿ ಅಂತ ಒತ್ತಾಯಿಸಬೇಡಿ, ಬೇರೆ ಮನೆ ಕೊಡಿ, ಇಲ್ಲದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆಯನ್ನೂ 45,000 ಡಿಪಾಸಿಟ್ಟನ್ನೂ ಕೊಡಿ ಅಂದಿತು. ಸುರಕ್ಷಿತ ಜಾಗ ಅಂತ ನೋಟಿಸಿನಲ್ಲಿ ಬರೆಯುವುದು ಸುಲಭ. ಅದರ ಬೆಲೆ ಎಷ್ಟು ಅಂತ ಆ ಆದೇಶದಲ್ಲಿ ಅಂಕಿಯಲ್ಲೇ ಇದೆ.

ನಾನು ಆಳಂದ ತಾಲ್ಲೂಕಿನವಳು. ಗಡಿ ದಾಟಿದರೆ ಲಾತೂರ್, ಉಸ್ಮಾನಾಬಾದ್ (ಈಗಿನ ಧಾರಾಶಿವ) ಕಡೆಯ ಊರುಗಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತಿಗೆ, ನಾಲ್ಕಕ್ಕೆ ಇನ್ನು ನಾಲ್ಕು ನಿಮಿಷ ಇರುವಾಗ ಕಿಲ್ಲಾರಿ ಭೂಕಂಪ ಆಯಿತು. ನಮ್ಮ ಮನೆಯಲ್ಲಿ ಗೂಡಿನ ಪಾತ್ರೆ ಉರುಳಿದವು, ಅಜ್ಜಿ ಎಲ್ಲರನ್ನೂ ಅಂಗಳಕ್ಕೆ ಎಳೆದಳು, ಅಷ್ಟೇ. ಅಲ್ಲಿ ಸತ್ತವರು ಹತ್ತಿರ ಹತ್ತು ಸಾವಿರ. ಕಂಪನದ ಪ್ರಮಾಣ 6.2. ಮುಂದಿನ ಜನವರಿ 17ಕ್ಕೆ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ 6.7ರ ಕಂಪನವಾಯಿತು, ಅದೂ ನಸುಕಿನ ನಾಲ್ಕೂವರೆಗೆ, ಅದೂ ಜನ ಮಲಗಿದ್ದಾಗ. ಅಲ್ಲಿ ಸತ್ತವರು ಅರವತ್ತರ ಆಸುಪಾಸು. ನೆಲ ಅಲ್ಲಿ ಇನ್ನೂ ಜೋರಾಗಿ ನಡುಗಿತ್ತು. ತಲೆಯ ಮೇಲೆ ಏನಿತ್ತು ಅನ್ನುವುದರಲ್ಲಿ ವ್ಯತ್ಯಾಸ. ನಮ್ಮ ಕಡೆ ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಗಿಲಾವಿಗೆ ಬರೀ ಕೆಸರು, ಮೇಲೆ ಬಿಸಿಲು ತಡೆಯಲು ಹೇರಿದ ಮಣ್ಣಿನ ಮಾಳಿಗೆ. ಕಿಲ್ಲಾರಿಯಲ್ಲಿ ಸಣ್ಣ ಹುಲ್ಲಿನ ಗುಡಿಸಲಿನಲ್ಲಿ ಮಲಗಿದ ಬಡವರು ಎಷ್ಟೋ ಮಂದಿ ಬದುಕಿದರು, ಕಲ್ಲಿನ ವಾಡೆಗಳಲ್ಲಿ ಮಲಗಿದವರು ಸತ್ತರು. ಬಡವರೇ ಯಾವಾಗಲೂ ಮೊದಲು ಸಾಯುತ್ತಾರೆ ಅನ್ನುವ ಮಾತಿಗೂ ಹೀಗೆ ಅಪವಾದ ಇದೆ. ಯಾವ ಆಪತ್ತು, ಯಾರು ಎಲ್ಲಿ ಮಲಗಿದ್ದಾರೆ ಅಂತ ಬಿಡಿಸಿ ನೋಡದೆ ಹೇಳುವಂತಿಲ್ಲ.

ಮುಂಬೈಯಲ್ಲೂ ಬಿಡಿಸಿ ನೋಡಿದರೆ ಹಾಗೇ. 2005ರ ಜುಲೈ 26 ಅಂದರೆ ಎಲ್ಲರೂ 944 ಮಿಲಿಮೀಟರ್ ಅನ್ನುತ್ತಾರೆ. ಅದು ಸಾಂತಾಕ್ರೂಜ್‌ನ ಅಳತೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರನ್ನೂ ಮುಟ್ಟಲಿಲ್ಲ. ದಕ್ಷಿಣ ತುದಿಯ ಆಫೀಸುಗಳಲ್ಲಿದ್ದವರಿಗೆ ಸಂಜೆ ರೈಲು ಹಿಡಿಯಲು ಬಂದಾಗಲೇ ಊರು ಮುಳುಗಿದ್ದು ಗೊತ್ತಾಯಿತಂತೆ. ಅಂದು ಮಿಠೀ ನದಿ ಉಕ್ಕಿದ ಸುದ್ದಿ ದೊಡ್ಡದಾಯಿತು, ಸಾಕಿನಾಕಾದಲ್ಲಿ ಗುಡ್ಡ ಕುಸಿದು ಎಪ್ಪತ್ತರ ಆಸುಪಾಸು ಜನ ಸತ್ತದ್ದು ಅದರಡಿ ಸೇರಿಹೋಯಿತು. ಅದಕ್ಕೂ ಮೊದಲು, 2000ದ ಜುಲೈನಲ್ಲಿ, ನಮ್ಮ ಘಾಟ್‌ಕೋಪರಿನ ಆಜಾದ್ ನಗರದಲ್ಲಿ ಗುಡ್ಡ ಜಾರಿ ಅರವತ್ತಕ್ಕೂ ಹೆಚ್ಚು ಜನ ಹೋಗಿದ್ದರು. 2019ರ ಜುಲೈ 1–2ರ ನಡುವಿನ ರಾತ್ರಿ ಮಲಾಡಿನ ಕುರಾರಿನಲ್ಲಿ ನೀರಿನ ಜಲಾಶಯದ ಆವರಣ ಗೋಡೆ ಗುಡಿಸಲುಗಳ ಮೇಲೆ ಬಿತ್ತು. 2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನ ಭಾರತ ನಗರದಲ್ಲಿ ಕಾಂಪೌಂಡು, ಅದೇ ರಾತ್ರಿ ವಿಕ್ರೋಲಿಯ ಸೂರ್ಯ ನಗರದಲ್ಲಿ ಗುಡ್ಡ. ಆ ಎರಡೂ ವರ್ಷ ತಲಾ ಮುವ್ವತ್ತರ ಆಸುಪಾಸು ಜೀವ ಹೋಯಿತು. ಟೀವಿಯಲ್ಲಿ ತೋರಿಸುವ ಮುಂಬೈ ಮಳೆ ಅಂದರೆ ದಾದರಿನ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು, ಅದರಲ್ಲಿ ತಳ್ಳಿಕೊಂಡು ಹೋಗುವ ಸ್ಕೂಟರು. ಆ ನೀರು ಪಂಪಿಗೆ, ಸಮುದ್ರದ ಇಳಿತಕ್ಕೆ ಸಂಜೆಯೊಳಗೆ ಇಳಿಯುತ್ತದೆ.

ಈಗ ರೆಡ್ ಅಲರ್ಟಿನ ವಿಷಯ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟರೆ ಸಾಮಾನ್ಯವಾಗಿ ಶಾಲೆಗಳಿಗೆ ರಜೆ. 2024ರ ಜುಲೈ 8ರಂದು ರಾತ್ರಿ ಒಂದರಿಂದ ಬೆಳಿಗ್ಗೆ ಏಳರೊಳಗೆ ಕೆಲವು ಕಡೆ 300 ಮಿಲಿಮೀಟರಿಗಿಂತ ಹೆಚ್ಚು ಸುರಿದಾಗಲೂ ಬೆಳಗಿನ ಪಾಳಿಗೆ ರಜೆ ಕೊಟ್ಟರು. ಸರಿಯೇ. ಸ್ಕೂಲ್ ಬಸ್ಸು ನೀರಿನಲ್ಲಿ ಸಿಕ್ಕಿಬೀಳಬಾರದು, ಮಕ್ಕಳು ಮನೆಯಲ್ಲಿ ಬೆಚ್ಚಗಿರಲಿ. ಟವರಿನ ಮಗುವಿಗೆ ಇದು ಪೂರ್ತಿ ಸರಿ.

ನಮ್ಮ ಶಾಲೆ ಸಪಾಟು ನೆಲದಲ್ಲಿ ಕಾಂಕ್ರೀಟಿನ ಕಂಬಗಳ ಮೇಲೆ ನಿಂತಿದೆ. ನಮ್ಮ ಮಕ್ಕಳು ದಿನದಲ್ಲಿ ಕಾಲಿಡುವ ಅತಿ ಗಟ್ಟಿ ಕಟ್ಟಡ ಅದೇ. ಮಳೆ ಅತಿ ಜೋರಾದ ದಿನ ಅದಕ್ಕೆ ಬೀಗ ಹಾಕಿ ಅವರನ್ನು ಹೊಟ್ಟೆ ಬಿಟ್ಟ ಗೋಡೆಯ ಕೆಳಗೆ ಕಳಿಸುತ್ತೇವೆ. ಮಧ್ಯಾಹ್ನದ ಖಿಚಡಿಯೂ ಇಲ್ಲ. ಅಪ್ಪನಿಗೆ ಅವತ್ತು ನಾಕಾದಲ್ಲಿ ಕೆಲಸ ಸಿಗುವುದಿಲ್ಲ, ಆದರೂ ಹೋಗಿ ನಿಲ್ಲುತ್ತಾನೆ. ಅಮ್ಮನಿಗೆ ಟವರಿನಲ್ಲಿ ರಜೆ ಇಲ್ಲ. ಆ ಮನೆಯ ಮಕ್ಕಳಿಗೆ ಶಾಲೆ ರಜೆ ಇದೆಯಲ್ಲ, ಇನ್ನೊಂದು ಸಲ ತಿಂಡಿ ಆಗಬೇಕು. ಒಂಬತ್ತು ವರ್ಷದ ಹುಡುಗಿ ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತ ಖೋಲಿಯೊಳಗೆ ಕೂತಿರುತ್ತಾಳೆ. ರಜೆಯ ಆದೇಶ ಹೊರಡಿಸಿದವರು ಕೆಟ್ಟವರಲ್ಲ. ಅವರ ಕಣ್ಣ ಮುಂದೆ ಇರುವ ಮಗು ಬೇರೆ, ಅಷ್ಟೇ.

ಇದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ನನ್ನ ತರ್ಕದಲ್ಲೇ ತೂತು ತೋರಿಸಿದರು. "ನೀವು ಹೇಳಿದ ಗೋಡೆಗಳೆಲ್ಲ ರಾತ್ರಿ ಬಿದ್ದಿವೆಯಲ್ಲ ಟೀಚರ್, ಹಗಲು ಶಾಲೆ ತೆರೆದು ಏನು ಪ್ರಯೋಜನ?" ಮಾತು ನಿಜ. ಹಾಗಾದರೆ ರಾತ್ರಿಯೂ ತೆರೆಯೋಣ ಅಂದೆ. ಸಭೆ ಸ್ವಲ್ಪ ಹೊತ್ತು ಗಪ್‌ಚಿಪ್.

ಪಾಲಿಕೆಯ ಶಾಲೆಗಳನ್ನು ಮಳೆಗಾಲದ ಆಸರೆ ಅಂತ ಗುರುತು ಮಾಡಿರುತ್ತಾರೆ, ಆದರೆ ನಮ್ಮ ಓಣಿಗಳಿಂದ ಹತ್ತಿರದ್ದು ನಾಲೆಯ ಆಚೆ ದಡದಲ್ಲಿದೆ. ಮಳೆಯಲ್ಲಿ ಮಧ್ಯರಾತ್ರಿ ಮಕ್ಕಳನ್ನು ಎತ್ತಿಕೊಂಡು ನಾಲೆ ದಾಟುವವರು ಯಾರು? ಬಿಟ್ಟುಬಂದ ಖೋಲಿಯ ಸಿಲಿಂಡರು, ಮೊಬೈಲು, ಮಿಕ್ಸರಿಗೆ ಕಾವಲು ಯಾರು? ಈ ಪ್ರಶ್ನೆಗಳನ್ನು ಪಾಲಕರೇ ಎತ್ತಿದರು, ಉತ್ತರವನ್ನೂ ಅವರೇ ಕಂಡುಕೊಂಡರು: ಓಣಿಗೆ ಇಬ್ಬರು ಗಂಡಸರು ಕೆಳಗಿನ ಮೆಟ್ಟಿಲ ಹತ್ತಿರ ಪಾಳಿ ಮೇಲೆ ಕೂರುವುದು, ಹೆಂಗಸರು ಮಕ್ಕಳು ಶಾಲೆಯ ನೆಲಮಹಡಿಯ ಎರಡು ಕೋಣೆಗಳಲ್ಲಿ.

ಮಂಡಳಿ ಒಪ್ಪಿದೆ, ಕೊಸರಾಡಿಯೇ ಒಪ್ಪಿದೆ. ಶೌಚಾಲಯ ಸ್ವಚ್ಛ ಮಾಡಿ ಕೊಡಬೇಕು, ಬೆಂಚು ಮುರಿದರೆ ದುರಸ್ತಿ ಪಾಲಕರದು, ಬಂದವರ ಹೆಸರು ಬರೆದಿಡಬೇಕು. ಸ್ಟೇಷನ್ ರಸ್ತೆಯ ಕುಂದಾಪುರದ ಹೋಟೆಲಿನವರು ಬೆಳಿಗ್ಗೆಗೆ ಉಪ್ಪಿಟ್ಟು ಕಳಿಸುತ್ತೇವೆ ಅಂದಿದ್ದಾರೆ, ಅವರ ಅಪ್ಪ ಇದೇ ಶಾಲೆಯ ರಾತ್ರಿ ತರಗತಿಯಲ್ಲಿ ಓದಿದವರು. ಉಳಿದದ್ದು ಕೀಲಿಯ ಪ್ರಶ್ನೆ. ನಾನಿರುವುದು ಡೊಂಬಿವಲಿಯಲ್ಲಿ. ಇಂಥ ರಾತ್ರಿ ಕುರ್ಲಾ–ಸಾಯನ್ ನಡುವೆ ಹಳಿ ಮುಳುಗಿ ರೈಲೇ ಇರುವುದಿಲ್ಲ, ಮುಖ್ಯೋಪಾಧ್ಯಾಯರು ಇನ್ನೂ ದೂರ, ಬದ್ಲಾಪುರದವರು. ಒಂದು ಕೀಲಿ ವಾಚ್‌ಮನ್ ಹತ್ತಿರ ಇರುತ್ತದೆ. ಇನ್ನೊಂದು ಯಾರ ಕೈಗೆ ಅನ್ನುವುದು ಜೂನ್ ಮೊದಲ ವಾರದ ಪಾಲಕರ ಸಭೆಯಲ್ಲಿ ತೀರ್ಮಾನ ಆಗಬೇಕು. ನಾನು ಆ ಗೌಂಡಿಯವರ ಹೆಸರು ಹೇಳುವವಳಿದ್ದೇನೆ. ಯಾವ ರಾತ್ರಿ ಬಾಗಿಲು ತೆರೆಯಬೇಕು ಅಂತ ನಮ್ಮೆಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.