ಮರ ಪುಡಿಯಾಯಿತು, ಕುರ್ಚಿ ಉಳಿಯಿತು

ಕಳೆದ ಅಕ್ಟೋಬರಿನಲ್ಲಿ ಅಪ್ಪ ಬಾಸ್ಟನ್‌ಗೆ ಬಂದಿದ್ದರು. ಶಿವಮೊಗ್ಗದಲ್ಲಿ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಇಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಕರೆದುಕೊಂಡು ಹೋದೆ. ಮಮ್ಮಿಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಕುರ್ಚಿಯ ಮುಂದೆ ಬಂದು ನಿಂತವರು ಮಾತ್ರ ಅಲ್ಲಿಂದ ಕದಲಲೇ ಇಲ್ಲ.

ಅದು ಪ್ರಾಚೀನ ಈಜಿಪ್ಟಿನ ರಾಣಿ ಹೆಟೆಫೆರಿಸ್ ಕುರ್ಚಿ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ರಾಜ ಖುಫು ಈಕೆಯ ಮಗ. ನಾವು ನೋಡಿದ್ದು ಅಳತೆ ತಪ್ಪದೆ ಮಾಡಿದ ಪ್ರತಿ, ಮೂಲ ಇರುವುದು ಈಜಿಪ್ಟಿನಲ್ಲಿ.

ಅಪ್ಪ ಮೊದಲು ಬಗ್ಗಿ ನೋಡಿದ್ದು ಕಾಲುಗಳನ್ನು. "ನೋಡಮ್ಮ, ನಾಲ್ಕೂ ಒಂದೇ ಕಡೆ ಮುಖ ಮಾಡಿವೆ. ಮುಂದಿನವು ಸಿಂಹದ ಮುಂಗಾಲು, ಹಿಂದಿನವು ಹಿಂಗಾಲು. ನಡೆಯೋ ಪ್ರಾಣಿ ಇದು" ಅಂದರು. ಸಿಂಹಾಸನ ಅಂತ ನಾವು ಸುಮ್ನೆ ಹೇಳ್ತೀವಿ, ಅಲ್ವಾ? ಇಲ್ಲಿ ನಿಜವಾಗಿ ಸಿಂಹವೇ ಹೊತ್ತುಕೊಂಡಿದೆ. ಕೈ ಇಡುವ ಕಡೆ, ತೋಳಿನ ಕೆಳಗೆ, ಮೂರು ಪಪೈರಸ್ ಹೂಗಳು, ನೈಲ್ ದಡದ ಜೊಂಡಿನವು. ಮೂರರ ದಂಟನ್ನೂ ಸೇರಿಸಿ ಕಟ್ಟಿದ ಹಾಗೆ ಕೆತ್ತಿದ್ದಾರೆ. ಜೌಗಿನಿಂದ ಈಗಷ್ಟೇ ಕೊಯ್ದು ತಂದ ಕಟ್ಟಿನ ಹಾಗಿದೆ.

ಆ ಕಾಲದ ಬಡಗಿಯ ಹತ್ತಿರ ಮರ ಹೆರೆದು ನುಣುಪು ಮಾಡುವ ತೋಪಡ ಇರಲಿಲ್ಲ. ತಾಮ್ರದ ಉಳಿ, ತಾಮ್ರದ ಗರಗಸ, ಬಾಚಿ, ಆಮೇಲೆ ಉಜ್ಜಲು ಮರಳುಗಲ್ಲು. ಈಜಿಪ್ಟಿನಲ್ಲಿ ಉದ್ದನೆಯ ಒಳ್ಳೆ ಮರವೂ ಕಡಿಮೆ. ಅದಕ್ಕೇ ಹೆಟೆಫೆರಿಸ್ ಗಂಡ ಸ್ನೆಫೆರು 40 ಹಡಗು ತುಂಬ ದೇವದಾರು ತರಿಸಿದ ಎಂದು ಹಳೆಯ ಕಲ್ಲಿನ ದಾಖಲೆಯೊಂದು ಹೇಳುತ್ತದೆ. ರಾಣಿಯ ಮಂಚದ ಮೇಲೆ ನಿಲ್ಲಿಸುವ ಚಪ್ಪರವೂ ಇದೆ, ಸ್ನೆಫೆರು ಹೆಸರು ಕೆತ್ತಿದ್ದು. ಎಲ್ಲ ಬಿಚ್ಚಿ ಜೊತೆಗೆ ಒಯ್ಯಬಹುದು. ಬಿಚ್ಚಿ ಜೋಡಿಸಿ ಸಂದುಗಳು ಸವೆಯಬಾರದೆಂದು ಅಲ್ಲಿ ತಾಮ್ರದ ತಗಡು ಹೊದಿಸಿದ್ದಾರೆ. ನನಗೆ ಹೊರಗೆ ಹೊದಿಸಿದ ಚಿನ್ನದ ತಗಡಿಗಿಂತ ಇದೇ ದೊಡ್ಡದು ಅನ್ನಿಸಿತು. ಯಾರಿಗೂ ಕಾಣದ ಜಾಗ ಅದು.

ಇದೆಲ್ಲ ಸಿಕ್ಕಿದ್ದು ಆಕಸ್ಮಿಕವಾಗಿ. 1925ರಲ್ಲಿ ಗೀಜಾದಲ್ಲಿ ಅಗೆಯುತ್ತಿದ್ದ ಪುರಾತತ್ವಜ್ಞ ಜಾರ್ಜ್ ರೈಸ್ನರ್ ತಂಡದ ಫೋಟೊಗ್ರಾಫರ್ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸುವಾಗ ಅದರ ಕಾಲು ಗಾರೆಗೆ ತಾಗಿತು. ಕೆಳಗೆ ಹತ್ತಿರ ಹತ್ತಿರ 90 ಅಡಿ ಆಳದ ಬಾವಿ, ಅದರ ತಳದಲ್ಲಿ ರಾಣಿಯ ಸಮಾಧಿ ಕೋಣೆ. ಮರವೆಲ್ಲ ಪುಡಿ. ಅದರ ಮೇಲೆ ಹೊದಿಸಿದ್ದ ಚಿನ್ನದ ತಗಡು ಮಾತ್ರ ಕುಸಿದ ಜಾಗದಲ್ಲೇ ಬಿದ್ದಿತ್ತು. ಒಂದು ಚೂರು ಅಲುಗಿದರೂ ಅದು ಯಾವ ಕಾಲಿನದು, ಯಾವ ತೋಳಿನದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಅಲ್ಲೇ ಮಲಗಿ, ಬಗ್ಗಿ, ಚಿಮುಟದಲ್ಲಿ ಒಂದೊಂದೇ ಎತ್ತಿದರು. ಎತ್ತುವ ಮೊದಲು ಫೋಟೊ, ಚಿತ್ರ, ಅಳತೆ. ಸಾವಿರಕ್ಕೂ ಹೆಚ್ಚು ಫೋಟೊ ತೆಗೆದರು. ತಗಡು ಮರದ ಆಕಾರವನ್ನು ಹಿಡಿದಿಟ್ಟುಕೊಂಡಿತ್ತು. ಅದನ್ನೇ ನೋಡಿ ಹೊಸ ಮರ ಕೆತ್ತಿ, ಹಳೆ ಚಿನ್ನ ಹೊದಿಸಿದರು.

ಆ ಕೆಲಸದಲ್ಲಿ ಕೈ ಹಾಕಿದವರಲ್ಲಿ ಈಜಿಪ್ಟಿನ ಅಹ್ಮದ್ ಯೂಸುಫ್ ಒಬ್ಬರು. ಮುಂದೆ 1954ರಲ್ಲಿ ದೊಡ್ಡ ಪಿರಮಿಡ್ ಪಕ್ಕ ಖುಫುವಿನ ದೋಣಿ ಸಿಕ್ಕಿತು, 1,224 ತುಂಡುಗಳಾಗಿ. ಅದನ್ನು ಜೋಡಿಸಿ ನಿಲ್ಲಿಸಿದವರೂ ಇವರೇ. ತಾಯಿಯ ಕುರ್ಚಿ, ಮಗನ ದೋಣಿ, ಎರಡಕ್ಕೂ ಒಂದೇ ಕೈ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಈಜಿಪ್ಟಿನ ಇನ್ನೊಬ್ಬ ರಾಜ ಟುಟಾಂಖಾಮುನ್ ಸಿಂಹಾಸನದ ಫೋಟೊ ಎಲ್ಲ ಕಡೆ ನೋಡಿರುತ್ತೀರಿ. ಅವಕಾಶ ಸಿಕ್ಕರೆ ಇದನ್ನೂ ನೋಡಿ, ಇದು ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು.

ಮೊನ್ನೆ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಹೊನ್ನೆ ಮರದ ತುಂಡು, ಎರಡು ಪಪೈರಸ್ ಹೂ ಕೆತ್ತಿದ್ದಾರೆ. ಮೂರನೆಯದಕ್ಕೆ ಪೆನ್ಸಿಲ್ ಗೆರೆ ಹಾಕಿಟ್ಟಿದ್ದಾರೆ.