ಸವರದ ಕೊಳಗ

ಅಜ್ಜಿ ಅಕ್ಕಿ ಅಳೆಯುವುದನ್ನು ನೋಡಿದರೆ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊಳಗ ಕಂಠದವರೆಗೆ ತುಂಬಿದ ಮೇಲೂ ಅಜ್ಜಿಯ ಕೈ ನಿಲ್ಲುತ್ತಿರಲಿಲ್ಲ. ಮೊರದಿಂದ ಇನ್ನಷ್ಟು ಸುರಿದು, ಮೇಲೆ ಗೋಪುರ ಎದ್ದು, ಅಂಚಿನಿಂದ ನಾಲ್ಕು ಕಾಳು ನೆಲಕ್ಕೆ ಜಾರಿದರೇ ಅವಳ ಲೆಕ್ಕದಲ್ಲಿ ಒಂದು ಕೊಳಗ.

"ಅತ್ತೆ, ಒಂಚೂರು ಸವರಿ ಕೊಡಿ" ಅಂತ ಅಮ್ಮ ಒಲೆ ಮುಂದಿನಿಂದಲೇ ಕೂಗುತ್ತಿದ್ದರು. ಅಜ್ಜಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳುತ್ತಿರಲಿಲ್ಲ.

ಕೈಗಡ ಒಯ್ದವರು ಸುಗ್ಗಿ ಮುಗಿದ ಮೇಲೆ ಅಕ್ಕಿ ವಾಪಸ್ ತರುತ್ತಿದ್ದರು. ಆಗ ಅದೇ ಕೊಳಗ, ಅದೇ ಅಜ್ಜಿ. ಆದರೆ ತುಂಬಿದ ಕೂಡಲೇ ಅಂಗೈಯಲ್ಲಿ ಮೇಲ್ಗಡೆ ಸವರಿ, ಉಳಿದದ್ದನ್ನು ಅವರ ಚೀಲಕ್ಕೇ ತಳ್ಳುತ್ತಿದ್ದಳು. ಕೊಡುವಾಗ ಗೋಪುರ, ತಗೊಳ್ಳುವಾಗ ಬೋಳು. ಎಂಥ ವ್ಯಾಪಾರ ಇದು ಅಂತ ನಾನೂ ಒಮ್ಮೆ ಕೇಳಿದ್ದೆ. ಆಗ ಹೈಸ್ಕೂಲಿನಲ್ಲಿದ್ದೆ, ಹೊಸದಾಗಿ ಬಡ್ಡಿ ಲೆಕ್ಕ ಕಲಿತ ಜಂಬ.

"ನಮ್ಮಪ್ಪನ ಕಣದಲ್ಲಿ ಒಡೇರು ಇದನ್ನೇ ತಿರುಗಿಸಿ ಅಳೀತಿದ್ರು ಕಣೇ" ಅಂದಳು.

ಅಜ್ಜಿಯ ತವರು ಸಾಗರದ ಕಡೆ ಒಂದು ಸಣ್ಣ ಹಳ್ಳಿ. ಗೇಣಿ ಗದ್ದೆ ಮಾಡುತ್ತಿದ್ದ ದೀವರ ಜಾತಿಯ ಮನೆ. ತನ್ನ ವಯಸ್ಸು ಹೇಳುವಾಗ ಅವಳು ಇಸವಿ ಹೇಳುತ್ತಿರಲಿಲ್ಲ, "ಕಾಗೋಡು ಗಲಾಟೆ ವರ್ಷ ದನ ಕಾಯ್ತಿದ್ದೆ" ಅನ್ನುತ್ತಿದ್ದಳು. ಅಂದರೆ 1951. ಕಾಗೋಡಿನಲ್ಲಿ, ಗದ್ದೆಯ ಒಡೆಯರಿಗೆ ಕೊಡುವ ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತು ಅಂತ ಒಕ್ಕಲುಗಳು ತಕರಾರು ತೆಗೆದಿದ್ದರು. ಅದು ಬೆಳೆದು ಬೆಳೆದು, ಒಡೆಯರು ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಹೋಗಿ ಜೈಲು ಸೇರುವವರೆಗೆ ಮುಟ್ಟಿತು. ರೈತ ನಾಯಕ ಎಚ್. ಗಣಪತಿಯಪ್ಪನವರು ಮುಂದೆ ನಿಂತಿದ್ದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಅವರೂ ಬಂಧನಕ್ಕೆ ಒಳಗಾದರು. ಈಗ ಇದೆಲ್ಲ ಪುಸ್ತಕದಲ್ಲಿದೆ. ಅಜ್ಜಿಯ ನೆನಪಿನಲ್ಲಿ ಇದ್ದದ್ದು ಬೇರೆ. ಅಪ್ಪ ಜೈಲಿನಲ್ಲಿದ್ದಾಗ ಪಕ್ಕದ ಮನೆಯ ಹೆಂಗಸು ಕತ್ತಲಾದ ಮೇಲೆ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬರುತ್ತಿದ್ದಳಂತೆ. "ಅವಳ ಮನೇಲೂ ಇರಲಿಲ್ಲ" ಅನ್ನುತ್ತಿದ್ದಳು ಅಜ್ಜಿ. ಅಷ್ಟೇ. ಅದಕ್ಕಿಂತ ಜಾಸ್ತಿ ಯಾವತ್ತೂ ಹೇಳಿಲ್ಲ.

ಮದುವೆಯಾಗಿ ಬಂದ ಮನೆಯದ್ದೂ ಗೇಣಿಯೇ. ಗೇಣಿ ಮಾಡುವವರಿಗೇ ಗದ್ದೆ ಅನ್ನುವ 1974ರ ಭೂಸುಧಾರಣೆ ಬಂದ ಮೇಲೆ ಅಜ್ಜ ಡಿಕ್ಲರೇಷನ್ ಅರ್ಜಿ ಹಾಕಿ ಎರಡು ಎಕರೆ ಹತ್ತು ಗುಂಟೆ ನಮ್ಮದಾಯಿತು. ಗದ್ದೆ ನಮ್ಮದಾದ ಮೇಲೆ ಅಜ್ಜಿ ಮಾಡಿಸಿದ ಮೊದಲ ವಸ್ತು ಈ ಕೊಳಗವಂತೆ. ಓಲೆಯಲ್ಲ, ಸರವಲ್ಲ, ಕೊಳಗ!

ಇದನ್ನು ಓದಿ ಅಜ್ಜಿ ದೇವತೆ ಅಂದುಕೊಳ್ಳಬೇಡಿ. ಅವಳ ಧಾರಾಳತನಕ್ಕೆ ಸಾಮಾನು ಯಾರದ್ದು ಅನ್ನುವ ಭೇದ ಇರಲಿಲ್ಲ. ಅಮ್ಮನ ತವರಿನ ಸ್ಟೀಲ್ ದಬರಿ, ಅಪ್ಪನ ಹೊಸ ಕಂಬಳಿ, ಎಲ್ಲ ಹೀಗೇ ಹೋದವು. ನನಗೆ ಅಂತ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಮಡಚುವ ಕೊಡೆಯನ್ನು ನಾನು ಎರಡು ದಿನವೂ ಹಿಡಿದಿರಲಿಲ್ಲ, ಮಳೆಯಲ್ಲಿ ನೆನೆಯುತ್ತಿದ್ದ ಯಾರದೋ ಹುಡುಗಿಗೆ ಕೊಟ್ಟುಬಿಟ್ಟಳು. ಆ ಆಷಾಢವೆಲ್ಲ ನಾನು ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋದೆ. ಕ್ಲಾಸಿನ ಹುಡುಗರು ನಕ್ಕದ್ದು ಇವತ್ತಿಗೂ ಮರೆತಿಲ್ಲ. ಆ ಕೊಡೆ ನೀಲಿ ಬಣ್ಣದ್ದು.

ಇನ್ನೊಂದು ವರ್ಷ ಶ್ರಾವಣಕ್ಕೇ ನಮ್ಮ ಕಣಜ ಖಾಲಿ. ಅಪ್ಪ ಸಾಗರದಿಂದ ಅಕ್ಕಿ ಮೂಟೆ ತಂದು ಜಗಲಿ ಮೇಲೆ ಇಳಿಸಿದರು. ಭತ್ತ ಬೆಳೆಯುವ ಮನೆಗೆ ಅಂಗಡಿ ಅಕ್ಕಿ! ಅಮ್ಮ ಬಚ್ಚಲ ಒಲೆ ಊದುವ ನೆಪದಲ್ಲಿ ಕೂತು ಅತ್ತರು. ಅಜ್ಜಿ ಮೂಟೆಯ ದಾರ ಬಿಚ್ಚಿ, ಒಂದು ಹಿಡಿ ಕೈಗೆ ತಗೊಂಡು ನೋಡಿ, "ಅಕ್ಕಿ ಚೆನ್ನಾಗಿದೆ" ಅಂದಳು. ಅಮ್ಮ ನಾಲ್ಕು ದಿನ ಅವಳ ಹತ್ತಿರ ಮಾತಾಡಲಿಲ್ಲ. ನಾನು ಅಮ್ಮನ ಪಕ್ಷವೇ ಆಗಿದ್ದೆ. ಈಗಲೂ ಅರ್ಧ ಹಾಗೇ.

ಹೋದ ವರ್ಷದ ಭೂಮಿ ಹುಣ್ಣಿಮೆ ಅಜ್ಜಿಯ ಕೊನೆಯ ಹಬ್ಬ. ವಾರ ಮೊದಲೇ, ಪೂಜೆಯ ಎಡೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದಳು. ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಅಂದರೆ ಪುಂಡಿ ನಾರು, ತುದಿ ಜಜ್ಜಿದ್ದು. ಅವಳು ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದಳು. ಗೆರೆ ಮುಗಿದ ಮೇಲೆ ಪುಸ್ ಅಂತ ಬಿಡುತ್ತಿದ್ದಳು, ಸಣ್ಣವಳಿದ್ದಾಗ ನಾನು ಅದನ್ನು ಎಣಿಸುತ್ತಿದ್ದೆ. ಈ ಸಲ ಕೈ ನಡುಗುತ್ತಿತ್ತು. ಭತ್ತದ ಸಸಿಯ ಗೆರೆಗಳೆಲ್ಲ ಸೊಟ್ಟ. ನಾನು ಬುಟ್ಟಿ ಹಿಡಿದುಕೊಂಡು ಸುಮ್ನೆ ನೋಡುತ್ತಿದ್ದೆ. "ಗಾಳಿ ಬೀಸಿದೆ ಅಂದ್ಕೋ" ಅಂದಳು, "ಪೈರು ಅಲ್ಲಾಡ್ತಿದೆ."

ಆ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಕಡುಬು, ಬಗೆಬಗೆ ಸೊಪ್ಪು ಕುಡಿಗಳ ಚರಗ, ಎಲ್ಲ ಬೆಳಗಾಗುವುದರೊಳಗೆ ಆಗಬೇಕು. ನಸುಕಿನಲ್ಲಿ ಅಪ್ಪ ದೊಂದಿ ಹಿಡಿದು "ಹಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತಾ ಗದ್ದೆಗೆಲ್ಲ ಚರಗ ಬೀರಿದರು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಪೂಜೆ ಆದ ಮೇಲೆ ಅಜ್ಜಿ ಒಂದು ಕಡುಬನ್ನು ಬಾಳೆ ಎಲೆಯಲ್ಲಿ ಸುತ್ತಿ ಗದ್ದೆಯ ಮೂಲೆಯಲ್ಲಿ ಹುಗಿದಳು. ಕೊಯ್ಲಿನ ದಿನ ಅದನ್ನು ತೆಗೆದು ಎಲ್ಲರೂ ಚೂರು ಚೂರು ಹಂಚಿಕೊಳ್ಳುವುದು ನಮ್ಮ ಮನೆಯ ರೂಢಿ. ಮೊಣಕಾಲೂರಿ ಮಣ್ಣು ಮುಚ್ಚಿದವಳನ್ನು ಎಬ್ಬಿಸಲು ನಾವಿಬ್ಬರು ಬೇಕಾಯಿತು.

ಇಪ್ಪತ್ತೆರಡು ದಿನಕ್ಕೆ ಹೋದಳು. ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮಲಗಿದವಳು ಏಳಲಿಲ್ಲ.

ಕಾರ್ಯದ ದಿನ ಜಗಲಿ, ಅಂಗಳ ಸಾಲದೆ ಜನ ಕೊಟ್ಟಿಗೆ ಪಕ್ಕವೂ ಕೂತು ಉಂಡರು. ಅರ್ಧ ಜನರ ಪರಿಚಯ ಅಪ್ಪನಿಗೂ ಇರಲಿಲ್ಲ. ಕೆಲವರು ಪಾತ್ರೆ ವಾಪಸ್ ತಂದರು. ಅಮ್ಮನ ದಬರಿ ಬಂತು, ತಳ ಮಸಿ ಹಿಡಿದು. ಕೊಡೆ ಬರಲಿಲ್ಲ ಬಿಡಿ.

ಡಿಸೆಂಬರಿನಲ್ಲಿ ಕೊಯ್ಲು. ರಜೆ ಹಾಕಿ ನಾನೂ ಊರಿಗೆ ಹೋಗಿದ್ದೆ. ಕತ್ತಿ ಹಾಕುವ ಮೊದಲು ಅಮ್ಮ ಗದ್ದೆಯ ಮೂಲೆಗೆ ಹೋಗಿ ಕೂತು ಕೈಯಲ್ಲೇ ಮಣ್ಣು ಕೆದಕಿದರು. ನಾವೆಲ್ಲ ಸುತ್ತ ನಿಂತಿದ್ದೆವು, ಯಾರೂ ಮಾತಾಡಲಿಲ್ಲ. ಬಾಳೆ ಎಲೆ ಕಪ್ಪಾಗಿ ಸಿಕ್ಕಿತು. ಬಿಚ್ಚಿದರೆ ಒಳಗೆ ಕಡುಬು ಇಲ್ಲ. ಒಂದು ತುಣುಕೂ ಇಲ್ಲ. ಎಲೆಯ ಮಡಿಕೆಯೊಳಗೆ ಕೆಂಪಿರುವೆಗಳ ಸಾಲು.

ಅಮ್ಮ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು.

"ನೋಡು, ಇದನ್ನೂ ಯಾರಿಗೋ ಕೊಟ್ಟು ಹೋಗಿದಾರೆ" ಅಂದರು.

ಅಪ್ಪನಿಗೆ ಮೊದಲು ನಗು ಬಂತು. ಆಮೇಲೆ ಅಮ್ಮನಿಗೆ. ಇರುವೆ ಕೈ ಕಚ್ಚುವವರೆಗೂ ಅಮ್ಮ ಆ ಎಲೆಯನ್ನು ಕೆಳಗೆ ಹಾಕಲಿಲ್ಲ.