ಮೂಲೆಮಟ್ಟ

ಶನಿವಾರ ಬೆಳಗ್ಗೆ ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. 7ನೇ ತರಗತಿ. ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮ ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು. ಇಂದು ಪೈಥಾಗೊರಸ್ ಪ್ರಮೇಯ. ಕರ್ಣ, ವರ್ಗ, ಮೊತ್ತ ಎಂದು ನನಗೇ ಆಕಳಿಕೆ ಬರುವಂತೆ ಒದರುತ್ತಿದ್ದೆ. ತಿಂಗಳಿನಿಂದ ತುಟಿ ಬಿಚ್ಚದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ, "ಸರ್, ಇದು ಮೂಲೆಮಟ್ಟ ಅಲ್ಲವೇ?" ಎಂದಳು.

ದಾರ ಕೇಳಿದಳು. ಅಂಗಳದ ಮಣ್ಣಿನಲ್ಲಿ ಒಂದು ಮೊಳೆ, ಅಲ್ಲಿಂದ 3 ಅಡಿಗೆ ಒಂದು, 4 ಅಡಿಗೆ ಇನ್ನೊಂದು. ಓರೆ ದಾರ ಸರಿಯಾಗಿ 5 ಅಡಿ ಆಗುವವರೆಗೆ ಕೊನೆಯ ಮೊಳೆಯನ್ನು ಕಿತ್ತು ಕಿತ್ತು ನೆಟ್ಟಳು. ಪಾಯಕ್ಕೆ ಗುರುತು ಹಾಕುವಾಗ ಮೂಲೆ ಸರಿಯಾಗಿ ಲಂಬಕೋನವಾಗಲು ಅಪ್ಪ ಹೀಗೆಯೇ ಮಾಡುತ್ತಾರಂತೆ, ಅದೇ ಮೂಲೆಮಟ್ಟ. ದಾರದ ಇನ್ನೊಂದು ತುದಿ ಹಿಡಿಯುವವಳು ಇವಳೇ. ಶುಲ್ಬ ಎಂದರೆ ಹಗ್ಗ, ಯಜ್ಞವೇದಿ ಅಳೆಯುವ ಪ್ರಾಚೀನ ಗ್ರಂಥವಾದ ಬೌಧಾಯನನ ಶುಲ್ಬಸೂತ್ರದಲ್ಲೂ ಇದೇ ಇದೆ ಎಂದೆ. ಅದೆಲ್ಲ ಅವಳಿಗೆ ಬೇಕಿರಲಿಲ್ಲ. "ದೊಡ್ಡ ಮನೆಯಾದರೆ 6, 8, 10 ಹಾಕಬೇಕು ಸರ್."

ಈ ಮಕ್ಕಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದು ಯಾರೋ ಅಂದಾಗ ನಾನೂ ತಲೆಯಾಡಿಸಿದ್ದೆ. ನೆನೆದರೆ ನಾಚಿಕೆ. ಅವಳ ಅಪ್ಪನನ್ನು ಒಮ್ಮೆ ತರಗತಿಗೆ ಕರೆಯಬೇಕೆಂದಿದ್ದೇನೆ. ಭಾನುವಾರ ಮಾತ್ರ ರಜೆಯಂತೆ.